ನೋಡಿದ್ದು, ಕೇಳಿದ್ದು, ದಾಟಿಸಿದ್ದು

ರೂಟರಿಗೆ ಲೋಕ ಗೊತ್ತಾಗುವ ಬಗೆ ಮೂರು. ತನಗೇ ನೇರವಾಗಿ ಜೋಡಿಸಿದ ಜಾಲವನ್ನು ಅದು ಸ್ವತಃ ಕಾಣುತ್ತದೆ. ಕೆಲವು ದಾರಿಗಳನ್ನು ಅದನ್ನು ನೋಡಿಕೊಳ್ಳುವವರು ಕೈಯಾರೆ ಬರೆದಿಟ್ಟಿರುತ್ತಾರೆ. ಉಳಿದದ್ದೆಲ್ಲ ನೆರೆಯ ರೂಟರುಗಳು ಹೇಳಿದ ಮಾತು: ‘ಆ ವಿಳಾಸಕ್ಕೆ ಹೋಗಬೇಕೇ? ನನ್ನ ಕಡೆಯಿಂದ ಹೋಗು.’ ಒಂದೇ ಜಾಲಕ್ಕೆ ಬೇರೆ ಬೇರೆ ದಾರಿ ಕಂಡರೆ ಯಾವುದನ್ನು ನಂಬಬೇಕೆಂದು ನಿರ್ಧರಿಸಲು ಒಂದು ಅಂಕಿ ಇರುತ್ತದೆ. ಸಿಸ್ಕೊ ರೂಟರಿನಲ್ಲಿ ನೇರ ಜೋಡಣೆಗೆ 0, ಕೈಯಾರೆ ಬರೆದದ್ದಕ್ಕೆ 1, ಹೊರಗಿನ ಸಂಸ್ಥೆಯಿಂದ ಬಿಜಿಪಿ ಮೂಲಕ ಕೇಳಿದ್ದಕ್ಕೆ 20. ಅಂಕಿ ಕಡಿಮೆಯಾದಷ್ಟೂ ನಂಬಿಕೆ ಹೆಚ್ಚು. 255 ಎಂದರೆ ನಂಬಲೇಬೇಡ ಎಂದರ್ಥ.

ನ್ಯಾಯದರ್ಶನವನ್ನು ಓದಿದವರಿಗೆ ಈ ವಿಂಗಡಣೆ ಪರಿಚಿತ ಅನ್ನಿಸಬಹುದು. ಅಲ್ಲಿ ಪ್ರತ್ಯಕ್ಷವೂ ಪ್ರಮಾಣ, ಶಬ್ದವೂ ಪ್ರಮಾಣ. ಆದರೆ ಯಾರೋ ಹೇಳಿದ್ದೆಲ್ಲ ಶಬ್ದಪ್ರಮಾಣವಾಗುವುದಿಲ್ಲ, ಹೇಳಿದವನು ಆಪ್ತನಾಗಿರಬೇಕು. ವಾತ್ಸ್ಯಾಯನನ ಭಾಷ್ಯದ ಪ್ರಕಾರ ಆಪ್ತನೆಂದರೆ ವಿಷಯವನ್ನು ತಾನೇ ಅರಿತು, ಅರಿತಂತೆ ತಿಳಿಸಬಯಸುವವನು. ಅವನು ಋಷಿಯೋ ಮ್ಲೇಚ್ಛನೋ ಎಂಬುದು ಮುಖ್ಯವಲ್ಲ. ರೂಟರಿನ ಅಂಕಿಗೆ ಈ ಪ್ರಶ್ನೆಯೇ ಇಲ್ಲ. ಮಾತು ಯಾವ ಬಾಗಿಲಿನಿಂದ ಬಂತು ಎಂದಷ್ಟೇ ಅದು ನೋಡುತ್ತದೆ.

ಈ ಅಂಕಿಗಿಂತಲೂ ಮೇಲಿನ ನಿಯಮವೊಂದಿದೆ: ಹೆಚ್ಚು ನಿರ್ದಿಷ್ಟವಾದ ದಾರಿಯೇ ಗೆಲ್ಲುತ್ತದೆ. ‘ಧಾರವಾಡದ ಕಾಗದಗಳನ್ನು ನನಗೆ ಕೊಡಿ’ ಎಂದು ಒಬ್ಬ, ‘ಧಾರವಾಡದ ಸಪ್ತಾಪುರದ ಕಾಗದಗಳನ್ನು ನನಗೆ ಕೊಡಿ’ ಎಂದು ಇನ್ನೊಬ್ಬ ಹೇಳಿದರೆ, ಸಪ್ತಾಪುರದ ಕಾಗದ ಎರಡನೆಯವನಿಗೆ. ನಿಯಮವೇನೋ ಸಮಂಜಸವೇ. ಆದರೆ ವಿವರ ಹೆಚ್ಚಿದ್ದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ.

2008ರ ಫೆಬ್ರವರಿ 24ರಂದು ಇದು ಜಗತ್ತಿಗೇ ಗೊತ್ತಾಯಿತು. ಯೂಟ್ಯೂಬನ್ನು ದೇಶದೊಳಗೆ ತಡೆಯಬೇಕೆಂಬ ಸರ್ಕಾರಿ ಆದೇಶವನ್ನು ಪಾಲಿಸಲು ಪಾಕಿಸ್ತಾನ್ ಟೆಲಿಕಾಂ ತನ್ನ ಜಾಲದಲ್ಲಿ ಒಂದು ಸುಳ್ಳು ದಾರಿ ಬರೆಯಿತು. ಯೂಟ್ಯೂಬ್ ಸಾರುತ್ತಿದ್ದದ್ದು 1024 ವಿಳಾಸಗಳ ಗುಂಪು. ಈ ದಾರಿ ಅದರೊಳಗಿನ 256 ವಿಳಾಸಗಳದ್ದು. ದೇಶದೊಳಗೇ ಉಳಿಯಬೇಕಿದ್ದ ಅದು ಹೊರಗೆ ಸೋರಿ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಸಂಸ್ಥೆಯನ್ನು ಮುಟ್ಟಿತು. ಆ ಸಂಸ್ಥೆ ಕೇಳಿದ್ದನ್ನು ಕೇಳಿದ ಹಾಗೇ ದಾಟಿಸಿತು. ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಯೂಟ್ಯೂಬ್ ತನ್ನ ದಾರಿಯನ್ನು ಮೊದಲು 256ರ ಗುಂಪಾಗಿ, ಆಮೇಲೆ 128ರ ಎರಡು ಗುಂಪುಗಳಾಗಿ ಸಾರಬೇಕಾಯಿತು. ಸುಳ್ಳಿನ ಎದುರು ನಿಲ್ಲಲು ನಿಜವೂ ತನ್ನನ್ನು ಇನ್ನಷ್ಟು ಸಣ್ಣಗೆ ಸೀಳಿಕೊಂಡಿತು. ಕೊನೆಗೆ ಪಿಸಿಸಿಡಬ್ಲ್ಯು ಆ ದಾರಿಯನ್ನು ಹಿಂತೆಗೆದ ಮೇಲೆ ಎಲ್ಲ ಸರಿಹೋಯಿತು.

ತಪ್ಪು ಯಾರದು? ಸುಳ್ಳು ಹುಟ್ಟಿಸಿದವರದು ಎಂಬುದು ಮೊದಲ ಉತ್ತರ, ಅದು ಸರಿಯೂ ಹೌದು. ಆದರೆ ನನಗೆ ಮಧ್ಯದಲ್ಲಿದ್ದವನ ಹೊಣೆಯೇ ಹೆಚ್ಚು ಕಾಡುವ ಪ್ರಶ್ನೆ. ದೂರದ ದೇಶದ ರೂಟರಿಗೆ ಈ ಮಾತಿನ ಮೂಲವನ್ನು ಪರೀಕ್ಷಿಸುವ ಸುಲಭ ಉಪಾಯ ಅಂದು ಇರಲಿಲ್ಲ. ಪಿಸಿಸಿಡಬ್ಲ್ಯುಗೆ ಇತ್ತು. ಹೇಳಿದವನು ಅದರ ನೇರ ನೆರೆಯವನು. ಅವನ ಪಾಲಿನ ವಿಳಾಸಗಳ ಪಟ್ಟಿ ಇಟ್ಟುಕೊಂಡು, ಅದರಲ್ಲಿಲ್ಲದ್ದನ್ನು ಸೋಸಿ ಬಿಡಬಹುದಿತ್ತು. ಮಾತಿನ ಹುಟ್ಟಿಗೆ ಯಾರು ಹತ್ತಿರವಿದ್ದಾರೋ ಅವರ ಪರೀಕ್ಷೆಯ ಹೊಣೆಯೂ ಅಷ್ಟೇ ದೊಡ್ಡದು. ಅವರು ಕೈಬಿಟ್ಟರೆ ಮುಂದಿನವರು ಎಷ್ಟು ಎಚ್ಚರವಿದ್ದರೂ ಪ್ರಯೋಜನ ಕಡಿಮೆ.

ಎಲ್ಲವನ್ನೂ ಅನುಮಾನಿಸುತ್ತ ಕುಳಿತರೆ ಇಂಟರ್‌ನೆಟ್ ನಡೆಯುವುದು ಹೇಗೆ ಎಂದು ಕೇಳಬಹುದು. ನಂಬಿಕೆ ಇಲ್ಲದೆ ಅದು ನಡೆಯುವುದಿಲ್ಲ, ನಿಜ. ಆದರೆ ಇಲ್ಲಿ ಬೇಕಾದದ್ದು ಸಂಶಯವಲ್ಲ, ಒಂದೇ ಪ್ರಶ್ನೆ: ಈ ವಿಷಯದಲ್ಲಿ ಮಾತಾಡಲು ಇವನಿಗೆ ಅಧಿಕಾರವಿದೆಯೇ? ನೆರೆಯವನು ಒಳ್ಳೆಯವನಿರಬಹುದು, ತನ್ನ ಮನೆಯ ವಿಷಯದಲ್ಲಿ ಆಪ್ತನೂ ಇರಬಹುದು. ಊರಾಚೆಯ ಮನೆಯ ವಿಷಯದಲ್ಲೂ ಆಪ್ತನಾಗಬೇಕೆಂದಿಲ್ಲ.

ಈ ಪ್ರಶ್ನೆ ಕೇಳದೆ ಹೋದರೆ ಆಗುವ ನಷ್ಟ ಯಂತ್ರಗಳಿಗಷ್ಟೇ ಸೀಮಿತವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್ಯಾಪಿನಲ್ಲಿ ಹಬ್ಬಿ, ಹೈದರಾಬಾದಿನ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅಲ್ಲೂ ಸುದ್ದಿ ನಿರ್ದಿಷ್ಟವಾಗಿತ್ತು, ಬಂದದ್ದು ಪರಿಚಿತರಿಂದಲೇ. ರೂಟರು ಕಾನ್ಫಿಗರ್ ಮಾಡಿದಂತೆ ನಡೆಯುತ್ತದೆ, ಅದಕ್ಕೆ ಬೇರೆ ಆಯ್ಕೆ ಇಲ್ಲ. ದಾಟಿಸುವ ಬೆರಳು ಮಾತ್ರ ನಮ್ಮದು.

2017ರಲ್ಲಿ ಇಂಟರ್‌ನೆಟ್ಟಿನ ಎಂಜಿನಿಯರುಗಳು ಬಿಜಿಪಿಯ ರೂಢಿಯೊಂದನ್ನು ಮಗುಚಿ ಹಾಕಿದರು. ಯಾವ ಸೂಚನೆಯೂ ಇಲ್ಲದಿದ್ದರೆ ಕೇಳಿದ್ದೆಲ್ಲವನ್ನೂ ದಾಟಿಸುವುದು ಅನೇಕ ರೂಟರುಗಳ ಹಳೆಯ ಅಭ್ಯಾಸ. ಹೊರಗಿನ ನೆರೆಯವರ ಮಟ್ಟಿಗೆ, ಸ್ಪಷ್ಟ ಸೂಚನೆ ಇಲ್ಲದಿದ್ದರೆ ಏನನ್ನೂ ಒಪ್ಪಬೇಡ, ಏನನ್ನೂ ದಾಟಿಸಬೇಡ ಎಂಬುದು ಹೊಸ ನಿಯಮ. ಎಲ್ಲ ರೂಟರುಗಳೂ ಇದನ್ನು ಪಾಲಿಸುತ್ತವೆಂದಲ್ಲ. ಆದರೂ ಸುಮ್ಮನಿರಲು ಕಾರಣ ಕೊಡಬೇಕಿದ್ದ ಕಡೆ, ಈಗ ಮಾತು ದಾಟಿಸಲು ಕಾರಣ ಕೊಡಬೇಕು.