ತಡೆಯೂ ಹಿಡಿತವೂ

ಓಡುವ ಕಾರಿನ ವೇಗವನ್ನು ತಗ್ಗಿಸಲು ಎರಡು ದಾರಿಗಳಿವೆ. ಬ್ರೇಕನ್ನು ಒತ್ತಿ ಗಾಲಿಗಳನ್ನು ತಡೆಯುವುದು ಒಂದು. ಆಕ್ಸಿಲರೇಟರಿನಿಂದ ಕಾಲೆತ್ತಿ, ಗೇರನ್ನು ಇಳಿಸಿ, ಕಾರನ್ನು ಓಡಿಸುತ್ತಿದ್ದ ಎಂಜಿನ್ನೇ ಅದನ್ನು ಹಿಡಿದು ನಿಧಾನಗೊಳಿಸುವಂತೆ ಮಾಡುವುದು ಇನ್ನೊಂದು. ಚಾಲನೆಯ ಈ ಸಾಮಾನ್ಯ ಪಾಠದಲ್ಲಿ ನೀತಿಶಾಸ್ತ್ರದ ಹಳೆಯ ಪ್ರಶ್ನೆಯೊಂದು ಅಡಗಿದೆ. ಸಂಯಮವೆಂದರೆ ಆಸೆಯನ್ನು ಅದುಮಿಡುವುದೇ? ಅಥವಾ ಒಳಗಿನ ಶಕ್ತಿಯನ್ನೇ ಹದಗೊಳಿಸುವುದೇ?

ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಔರಾದಿಗೆ ಹೊರಟವರು ಮಾಂಜ್ರಾ ನದಿಯ ಬಯಲಿಗೆ ಇಳಿಯಬೇಕು. ಭಾಲ್ಕಿಗೆ ಹೊರಟವರೂ ಕೆಂಪುನೆಲವನ್ನು ಬಿಟ್ಟು ಎರೆನೆಲಕ್ಕೆ ಇಳಿಯಬೇಕು. ಇಳಿಜಾರು ಕಂಡೊಡನೆ ಗೇರನ್ನು ನ್ಯೂಟ್ರಲಿಗೆ ತಂದು, ಇಲ್ಲವೇ ಕ್ಲಚ್ಚನ್ನು ಒತ್ತಿ ಹಿಡಿದು, ವಾಹನವನ್ನು ಉರುಳಲು ಬಿಡುವವರುಂಟು. ಇಂಧನ ಉಳಿಯುತ್ತದೆಂಬುದು ಅವರ ಲೆಕ್ಕ. ಆದರೆ ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಈ ಲೆಕ್ಕವೇ ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಹರಿಯುವ ಇಂಧನ ಸಾಮಾನ್ಯವಾಗಿ ನಿಂತುಬಿಡುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಂತೆ ಇಂಧನ ಉರಿಯುತ್ತಲೇ ಇರುತ್ತದೆ.

ಕ್ಲಚ್ಚು ಎಂಜಿನ್ನಿಗೂ ಗಾಲಿಗಳಿಗೂ ಇರುವ ನಂಟನ್ನು ಬಿಡಿಸುತ್ತದೆ. ನಂಟು ಕಳಚಿದ ವಾಹನ ಹಗುರವಾಗಿ, ಸ್ವತಂತ್ರವಾಗಿ ಸಾಗುವಂತೆ ತೋರುತ್ತದೆ. ನಿಜದಲ್ಲಿ ಅದು ಇಳಿಜಾರಿನ ಅಧೀನವಾಗಿರುತ್ತದೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಚಲನೆಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಚಾರ್ಮಾಡಿಯಂಥ ಘಟ್ಟದಲ್ಲಿ ಅದನ್ನು ಒತ್ತುತ್ತಲೇ ಇಳಿದರೆ, ಕಾದು ಹಿಡಿತವನ್ನು ಕಳೆದುಕೊಳ್ಳಬಹುದು. ಆದುದರಿಂದಲೇ ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವ ಸಾಮರ್ಥ್ಯವನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಪರೀಕ್ಷೆಯ ಭಾಗವಾಗಿಸಿವೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಇಬ್ಬರನ್ನು ಬೇರ್ಪಡಿಸಿ ನೋಡಿದನು. ಒಬ್ಬನಲ್ಲಿ ಕೆಟ್ಟ ಬಯಕೆ ಬಲವಾಗಿದೆ. ಅವನು ಹೋರಾಡಿ ಅದನ್ನು ತಡೆಯುತ್ತಾನೆ. ಇನ್ನೊಬ್ಬನ ಬಯಕೆಯೇ ವಿವೇಕಕ್ಕೆ ಹೊಂದಿಕೊಂಡಿದೆ. ಮೊದಲನೆಯವನು ಮೆಚ್ಚತಕ್ಕವನೇ, ಆದರೂ ಪೂರ್ಣ ಸದ್ಗುಣವು ಎರಡನೆಯವನದು. ಸಂತ ಥೋಮಸ್ ಅಕ್ವಿನಾಸರು ಈ ವಿಚಾರವನ್ನು ಮುಂದುವರಿಸಿ, ಭಾವೋದ್ವೇಗಗಳು ತಮ್ಮಷ್ಟಕ್ಕೆ ಪಾಪವಲ್ಲ, ವಿವೇಕವು ಅವುಗಳನ್ನು ಗುಲಾಮರಂತೆ ಆಳದೆ ಸ್ವತಂತ್ರ ಪ್ರಜೆಗಳಂತೆ ಆಳಬೇಕು ಎಂದು ಬೋಧಿಸಿದರು.

ನಮ್ಮ ಕುಟುಂಬಗಳನ್ನು ಈ ಬೆಳಕಿನಲ್ಲಿ ನೋಡೋಣ. ತಪಸ್ಸು ಕಾಲದ ನಲವತ್ತು ದಿನ ಮದ್ಯವನ್ನು ಮುಟ್ಟದ ತಂದೆ ಪಾಸ್ಖ ಹಬ್ಬದ ಸಂಜೆಯೇ ಕುಡಿದು ಬಂದರೆ, ಆತ ಬ್ರೇಕನ್ನಷ್ಟೇ ಒತ್ತಿದ್ದನು. ಬಯಕೆಯ ಗೇರು ಬದಲಾಗಿರಲಿಲ್ಲ. ಹಗಲೆಲ್ಲ ಮೇಲಧಿಕಾರಿಯ ಮುಂದೆ ನುಂಗಿಕೊಂಡ ಕೋಪ ರಾತ್ರಿ ಹೆಂಡತಿ ಮಕ್ಕಳ ಮೇಲೆ ಹರಿಯುವುದೂ ಹೀಗೆಯೇ. ಬರಿಯ ಅಂಜಿಕೆಯಲ್ಲಿ ಬೆಳೆದ ಮಗ ಓದಲೆಂದು ಹೈದರಾಬಾದಿಗೋ ಬೆಂಗಳೂರಿಗೋ ಹೋದಾಗ ಅವನ ಪರವಾಗಿ ಬ್ರೇಕ್ ಒತ್ತುವವರು ಯಾರು? ಒಳ್ಳೆಯದನ್ನು ಪ್ರೀತಿಸಲು ಕಲಿತವನಿಗೆ ಅವನ ಪ್ರೀತಿಯೇ ಹಿಡಿತವಾಗುತ್ತದೆ.

ಹಾಗಾದರೆ ಬ್ರೇಕು ಬೇಡವೇ? ಖಂಡಿತವಾಗಿ ಬೇಕು. ಮಗುವೊಂದು ರಸ್ತೆಗೆ ಓಡಿಬಂದಾಗ ತತ್ವವಿಚಾರಕ್ಕೆ ಸಮಯವಿಲ್ಲ. ಕೊಲ್ಲಬಾರದು, ಕದಿಯಬಾರದು ಎಂಬ ದೇವರ ಕಟ್ಟಳೆಗಳು ಅಂಥ ಗಳಿಗೆಗೂ ಇವೆ. ಆದರೆ ಜಾಣ ಚಾಲಕನು ಇಳಿಜಾರಿನ ತಲೆಯಲ್ಲೇ ಗೇರನ್ನು ಇಳಿಸುತ್ತಾನೆ. ನಡುದಾರಿಯಲ್ಲಿ ಬ್ರೇಕು ಕಾದ ಮೇಲೆ ಹವಣಿಸುವುದಿಲ್ಲ. ಶೋಧನೆಯ ಸ್ಥಳವನ್ನು ಬಲ್ಲವನು ಅಲ್ಲಿಗೆ ತಲುಪುವ ಮೊದಲೇ ಪ್ರಾರ್ಥನೆಯಿಂದ, ಒಳ್ಳೆಯ ಅಭ್ಯಾಸದಿಂದ ಸಿದ್ಧನಾಗುತ್ತಾನೆ. ಕ್ಲಚ್ಚಿಗೂ ಅದರದೇ ಕಾಲವಿದೆ: ವಾಹನ ಇನ್ನೇನು ನಿಲ್ಲುವಾಗ ಎಂಜಿನ್ ಆರದಂತೆ ಅದನ್ನು ಒತ್ತಬೇಕು. ದುಡಿಮೆಯಿಂದ ಬಿಡಿಸಿಕೊಳ್ಳುವ ಭಾನುವಾರದ ವಿಶ್ರಾಂತಿಯೂ ಅಂಥದೇ.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳನ್ನು ಎಣಿಸುತ್ತ ಪ್ರೀತಿಯಿಂದ ಆರಂಭಿಸಿ ಸಂಯಮದಲ್ಲಿ ಮುಗಿಸುತ್ತಾರೆ. ಫಲವು ಒಳಗಿನ ಜೀವರಸದಿಂದ ಮೂಡುತ್ತದೆ, ಹೊರಗಿನಿಂದ ಅಂಟಿಸಲಾಗದು. ಅದು ನಮ್ಮೊಬ್ಬರಿಗಾಗಿಯೂ ಅಲ್ಲ. ವೇಗದ ಮೋಹದಿಂದ ಪರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದು ಘೋರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸ್ಪಷ್ಟವಾಗಿ ಕಲಿಸುತ್ತದೆ. ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಿಂದ ಮಲಗಿರುವ ಮಕ್ಕಳೂ, ಎದುರಿನಿಂದ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿನವನೂ ನಮ್ಮ ಸಂಯಮವನ್ನು ನಂಬಿಯೇ ಪ್ರಯಾಣ ಮಾಡುತ್ತಿದ್ದಾರೆ.