ಯುದ್ಧವನ್ನು ಚಿತ್ರಿಸುವ ವಿದ್ಯಾರ್ಥಿಗೆ

ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಯುದ್ಧ, ಸಂಘರ್ಷಗಳನ್ನು ವಿಷಯವಾಗಿ ಕೊಡುವುದುಂಟು. ಹಿಂಸೆಯನ್ನು ಚಿತ್ರಿಸುವುದೂ ಹಿಂಸೆಯಲ್ಲಿ ಪಾಲುಗೊಂಡಂತೆಯೇ ಎಂಬ ಶಂಕೆ ಹಿರಿಯರಲ್ಲಿ ಮೂಡುವುದು ಸಹಜ. ಇದಕ್ಕೆ ಉತ್ತರವು ವಿಷಯದಲ್ಲಿಲ್ಲ, ಭಾವದಲ್ಲಿದೆ. ಹಿಂಸೆಯಲ್ಲಿ ಆನಂದಪಡುವ ಚಿತ್ತವನ್ನು ನಮ್ಮ ಆಚಾರ್ಯರು ರೌದ್ರಧ್ಯಾನವೆಂದು ಕರೆದರು. ಕುಂಚ ಹಿಡಿದವನಿಗೂ ಆ ಅಪಾಯ ತಪ್ಪಿದ್ದಲ್ಲ.

1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಜರ್ಮನ್ ಹಾಗೂ ಇಟಾಲಿಯನ್ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಪ್ಯಾರಿಸಿನಲ್ಲಿದ್ದ ಪಿಕಾಸೊ ಅದನ್ನು ಕಣ್ಣಾರೆ ಕಂಡವರಲ್ಲ, ಪತ್ರಿಕೆಗಳಿಂದ ತಿಳಿದವರು. ಯುದ್ಧವನ್ನು ದೂರದಿಂದಲೇ ಬಲ್ಲ ವಿದ್ಯಾರ್ಥಿಯ ಸ್ಥಿತಿಯೂ ಅದೇ. ಆದರೆ ಸುಮಾರು ಏಳೂಮುಕ್ಕಾಲು ಮೀಟರ್ ಅಗಲದ ಆ ಚಿತ್ರದಲ್ಲಿ ವಿಮಾನವಿಲ್ಲ, ಬಾಂಬಿಲ್ಲ. ಸತ್ತ ಕೂಸನ್ನು ಹಿಡಿದು ಗೋಳಿಡುವ ತಾಯಿಯಿದ್ದಾಳೆ. ಈಟಿ ನಾಟಿದ ಕುದುರೆಯಿದೆ. ಮನುಷ್ಯನ ವೇದನೆಯೊಡನೆ ಮೂಕಪ್ರಾಣಿಯ ವೇದನೆಗೂ ಅಲ್ಲಿ ಎಡೆ ದೊರೆತಿದೆ. ಬಿದ್ದ ಯೋಧನ ಕೈಯ ಕತ್ತಿ ಮುರಿದಿದೆ. ಅದರ ಬಳಿ ಒಂದು ಹೂವಿದೆ.

ಕೊಂದವನನ್ನು ತೋರಿಸದಿದ್ದರೆ ಅಪರಾಧವನ್ನೇ ಮರೆತಂತಾಗದೇ ಎಂದು ಕೇಳಬಹುದು. ಹಾಗಾಗಲಿಲ್ಲ. ಚಿತ್ರಕ್ಕೆ ಆ ಊರಿನ ಹೆಸರನ್ನೇ ಇಟ್ಟುದರಿಂದ ಅಪರಾಧವು ಅಳಿಯದೆ ಉಳಿಯಿತು.

ಆದುದರಿಂದ ವಿದ್ಯಾರ್ಥಿಯನ್ನು ತಡೆಯಬೇಕಾಗಿಲ್ಲ. ಆದರೆ ಪರರ ದುಃಖವು ಅವನಿಗೆ ಅಂಕ ಗಳಿಸುವ ಸಾಮಗ್ರಿ ಮಾತ್ರವಾಗಬಾರದು. ಬರೆಯುವ ಮೊದಲು ಆ ಊರು ಯಾವುದು, ಅಲ್ಲಿ ನೊಂದವರು ಯಾರು ಎಂಬುದನ್ನು ಅವನು ಅರಿಯಲಿ. ಫಿರಂಗಿಯ ಬೆಡಗಿಗೆ ಮರುಳಾಗುವ ಕಣ್ಣನ್ನು ಗಾಯಗೊಂಡವನ ಮುಖದತ್ತ ತಿರುಗಿಸುವುದು ಗುರುಹಿರಿಯರ ಹೊಣೆ.