ಮುಗಿಸಿದ ಆಟವನ್ನು ಮತ್ತೆ ಆಡುವವರು

ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿಗೆ ನೆಟ್ಟ ಕಲ್ಲು. ಹೋರಾಡಿದ, ಸತ್ತ; ಎರಡನೇ ಸರದಿ ಅವನಿಗಿರಲಿಲ್ಲ. ಈಗ ಅದೇ ಹೆಬ್ಬಾಳದ ಮೇಲುಸೇತುವೆಯ ಟ್ರಾಫಿಕ್ಕಿನಲ್ಲಿ ಬೆಂದು ಯಲಹಂಕದ ಮನೆ ಸೇರುವ ಐಟಿ ನೌಕರರು ಊಟ ಮುಗಿಸಿ ಕಂಟ್ರೋಲರ್ ಹಿಡಿದು ಕೂರುತ್ತಾರೆ. ಹತ್ತು ನಿಮಿಷದಲ್ಲಿ ನಾಲ್ಕು ಸಲ ಸಾಯುತ್ತಾರೆ, ನಾಲ್ಕು ಸಲವೂ ಎದ್ದು ಬರುತ್ತಾರೆ. ಅವರಿಗಾಗಿ ಯಾರೂ ಕಲ್ಲು ನೆಡುವುದಿಲ್ಲ.

ಸತ್ತು ಏಳುವುದೇನೋ ಆಟದ ನಿಯಮ, ಅದರಲ್ಲಿ ಸೋಜಿಗವಿಲ್ಲ. ಸೋಜಿಗವಿರುವುದು ಗೆದ್ದ ಮೇಲೆ. ಎಲ್ಲ ಲೆವೆಲ್ ಮುಗಿದಿದೆ, ಕೊನೆಯ ಬಾಸ್ ಬಿದ್ದಿದ್ದಾನೆ, ಕಥೆಯ ಗುಟ್ಟೆಲ್ಲ ತಿಳಿದಿದೆ. ಆದರೂ ಆರು ತಿಂಗಳ ನಂತರ ಅದೇ ಆಟವನ್ನು ಮೊದಲಿನಿಂದ ತೆರೆಯುತ್ತಾರೆ. ‘ಅದರಲ್ಲಿ ಇನ್ನೇನು ಸಿಗುತ್ತೋ ನಿನಗೆ?’ ಎಂದು ಅಡುಗೆಮನೆಯಿಂದ ಬರುವ ಪ್ರಶ್ನೆಯನ್ನು ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಇದೇ ಪ್ರಶ್ನೆಯನ್ನು ದೇವರಿಗೇ ಹಾಕಲಾಗಿದೆ. ಯಾವ ಕೊರತೆಯೂ ಇಲ್ಲದವನು ಜಗತ್ತನ್ನು ಏಕೆ ಸೃಷ್ಟಿಸಬೇಕು? ಅವನಿಗೇನು ಲಾಭ?

ಸೂತ್ರದ ಉತ್ತರ ಚುಟುಕಾಗಿದೆ: ಅದು ಲೀಲೆ. ಕನ್ನಡ ನಾಡಿಗೆ ಒಂದಲ್ಲ ಒಂದು ರೀತಿಯಲ್ಲಿ ನಂಟಿರುವ ಮೂವರು ಆಚಾರ್ಯರು ಇದನ್ನು ಮೂರು ಬಗೆಯಾಗಿ ಬಿಡಿಸಿದರು. ಶಂಕರರು ಬಯಸಿದ್ದೆಲ್ಲ ಕೈಗೂಡಿದ ರಾಜನ ವಿನೋದವನ್ನೂ, ಉದ್ದೇಶವಿಲ್ಲದೆ ತಾನಾಗಿ ನಡೆಯುವ ಉಸಿರಾಟವನ್ನೂ ನೆನಪಿಸಿದರು. ರಾಮಾನುಜರು ಏಳು ದ್ವೀಪಗಳನ್ನು ಆಳುವ ಚಕ್ರವರ್ತಿ ಚೆಂಡಾಡುವುದನ್ನು ತಂದರು. ಮಧ್ವರದು ಇನ್ನೂ ರಂಗಾದ ಉದಾಹರಣೆ: ಮತ್ತೇರಿದವನು ಸುಖ ಉಕ್ಕಿ ಕುಣಿಯುತ್ತಾನೆ, ಹಾಡುತ್ತಾನೆ, ಏನನ್ನೋ ಪಡೆಯಲೆಂದಲ್ಲ. ಮೊದಲ ಸಲ ಆಟ ಆಡುವವನಿಗೆ ಗೆಲ್ಲುವ ಹಂಬಲವಿದೆ, ಮುಂದೇನು ಎಂಬ ಕುತೂಹಲವಿದೆ. ಮರಳಿ ಬರುವವನಿಗೆ ಇವೆರಡೂ ಇಲ್ಲ. ಆಚಾರ್ಯರು ಹೇಳಿದ ಲೀಲೆಗೆ ಅವನೇ ಹೆಚ್ಚು ಹತ್ತಿರ. ಉಪಮೆಯನ್ನು ಉಡುಪಿಯಿಂದ ಎರವಲು ತಂದು ಆರ್.ಟಿ. ನಗರದ ಸೋಫಾದ ಮೇಲೆ ಕೂರಿಸಿದ್ದನ್ನು ಪಂಡಿತರು ಕ್ಷಮಿಸಬೇಕು.

ತೊಂಬತ್ತರ ದಶಕದಲ್ಲಿ ಈ ಬಗೆಯ ಆಟ ತಾನಾಗಿಯೇ ನಡೆಯುತ್ತಿತ್ತು. ಟಿವಿಗೆ ಸಿಕ್ಕಿಸುವ ಅಗ್ಗದ ನಕಲಿ ಡಬ್ಬಿ, ಅದಕ್ಕೊಂದು ಹಳದಿ ಕ್ಯಾಸೆಟ್ಟು. ಕಾಂಟ್ರಾ, ಮಾರಿಯೋ, ಬಾಂಬರ್‌ಮ್ಯಾನ್. ಆ ಕ್ಯಾಸೆಟ್ಟುಗಳಿಗೆ ನೆನಪಿರಲಿಲ್ಲ. ಏಳನೇ ಲೆವೆಲ್ಲಿನಲ್ಲಿ ಕರೆಂಟ್ ಹೋದರೆ ಮತ್ತೆ ಒಂದರಿಂದಲೇ ಶುರು. ಆಟವನ್ನು ಉಳಿಸಿಡುವ ಬ್ಯಾಟರಿ ಹೊತ್ತ ಜೆಲ್ಡಾ ಕ್ಯಾಸೆಟ್ಟು ಅಮೆರಿಕದಲ್ಲಿ 1987ಕ್ಕೇ ಬಂದಿತ್ತು, ಆದರೆ ಇಲ್ಲಿನ ಬಹುಪಾಲು ಮಕ್ಕಳಿಗೆ ಅದರ ಸುದ್ದಿಯೇ ಇರಲಿಲ್ಲ. ಎಷ್ಟು ಗಂಟೆ ಆಡಿದೆ, ಎಷ್ಟು ಸಲ ಗೆದ್ದೆ ಎಂಬುದಕ್ಕೆ ಸಾಕ್ಷಿ ಪಕ್ಕದಲ್ಲಿ ಕೂತಿದ್ದ ತಮ್ಮ ಮಾತ್ರ, ಅವನೂ ಸುಳ್ಳು ಹೇಳುವವನೇ.

ಲೆಕ್ಕ ಬಂದದ್ದು ಆಮೇಲೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಪ್ರತಿ ಸಾಧನೆಗೂ ಅಂಕ ಕೊಡತೊಡಗಿತು. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ ಅದೇ ದಾರಿ ಹಿಡಿದವು. ಪ್ಲೇಸ್ಟೇಷನ್ನಿನಲ್ಲಿ ಕಂಚು, ಬೆಳ್ಳಿ, ಚಿನ್ನ ದಾಟಿದವರಿಗೆ ಪ್ಲಾಟಿನಂ. ಸ್ಟೀಮ್ ಪ್ರತಿ ಆಟದ ಪಕ್ಕದಲ್ಲೂ ಆಡಿದ ಗಂಟೆಗಳನ್ನು ಬರೆದಿಡುತ್ತದೆ. ದೀಪಾವಳಿ ಸೇಲಿನಲ್ಲಿ ಕೊಂಡು ಇನ್ನೂ ಮುಟ್ಟದ ಆಟಗಳದ್ದೇ ಬೇರೆ ಪಟ್ಟಿ, ಅದಕ್ಕೆ ‘ಬ್ಯಾಕ್‌ಲಾಗ್’ ಎಂದು ಹೆಸರು. ಎಂಜಿನಿಯರಿಂಗ್ ಓದಿದ ಬೆಂಗಳೂರಿಗರಿಗೆ ಆ ಮಾತು ಕೇಳಿದರೇ ಹೊಟ್ಟೆಯಲ್ಲಿ ಸಂಕಟ. ಬಿಡುವಿನ ಆಟಕ್ಕೂ ಬಾಕಿ ವಿಷಯಗಳ ಭಾರ ಬಿತ್ತು. ಲೀಲೆಯೆಂದು ಕೂತವನು ಫಲಾಪೇಕ್ಷೆಯ ಕರ್ಮಕ್ಕೆ ಇಳಿದ ಎಂದು ಇಲ್ಲಿಗೇ ತೀರ್ಪು ಕೊಟ್ಟುಬಿಡಬಹುದಿತ್ತು.

ಆದರೆ ಧರ್ಮವೂ ಲೆಕ್ಕ ಇಡುತ್ತದಲ್ಲ! ಯಶವಂತಪುರದಿಂದ ಅನತಿ ದೂರದ ಹರೇಕೃಷ್ಣ ಗಿರಿಯ ಇಸ್ಕಾನ್ ದೇವಸ್ಥಾನದಲ್ಲಿ 108 ಮೆಟ್ಟಿಲುಗಳಿವೆ. ಒಂದೊಂದರ ಮೇಲೂ ನಿಂತು ಒಂದೊಂದು ಸಲ ಮಹಾಮಂತ್ರ ಹೇಳಿ ಮುಂದೆ ಹೋಗಬೇಕು. ದೀಕ್ಷೆ ಪಡೆದವರಿಗೆ ದಿನಕ್ಕೆ 16 ಸುತ್ತು ಜಪ, ಅಂದರೆ 1,728 ಸಲ ಅದೇ ಮಂತ್ರ. ರಾಮಕೋಟಿ ಬರೆಯುವ ಅಜ್ಜಿಯರು ನೋಟ್‌ಬುಕ್ಕಿನ ಪುಟಗಳನ್ನು ಎಣಿಸುತ್ತಾರೆ, ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕುವವರು ಸುತ್ತು ತಪ್ಪದಂತೆ ಬೆರಳು ಮಡಿಸುತ್ತಾರೆ. ಎಣಿಕೆಯೇ ಭಕ್ತಿಗೆ ಶತ್ರುವಾಗಿದ್ದರೆ ಇಷ್ಟು ಮಣಿಗಳು ಬೇಕಿರಲಿಲ್ಲ.

ವ್ಯತ್ಯಾಸವಿರುವುದು ಎಣಿಕೆ ಎತ್ತ ಕರೆದೊಯ್ಯುತ್ತದೆ ಎಂಬುದರಲ್ಲಿ. ಜಪಮಾಲೆಯ ನೂರೆಂಟು ಮಣಿ ಮುಗಿದ ಮೇಲೆ ಮೇರುಮಣಿ ಬರುತ್ತದೆ. ಅದನ್ನು ದಾಟಬಾರದು, ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ಮತ್ತೆ ಹೊರಡಬೇಕು. ಆ ಎಣಿಕೆ ಮರಳಿಸಲೆಂದೇ ಇರುವುದು. ಪ್ಲಾಟಿನಂ ಹಾಗಲ್ಲ. ನೂರಕ್ಕೆ ನೂರು ಎಂಬ ಅಂಕಿ ಬಿದ್ದೊಡನೆ ಆ ಆಟದ ಬಾಗಿಲು ಮುಚ್ಚಿತು, ಮುಂದಿನದನ್ನು ಕೊಳ್ಳಬಹುದು. ಪಟ್ಟಿ ಇಡುವ ಆಟಗಾರರಲ್ಲೂ ಈ ಎರಡು ಬಗೆಯವರಿದ್ದಾರೆ. ಕೆಲವರ ಪಟ್ಟಿ ಪೂರೈಸಿದ ಗುತ್ತಿಗೆಗಳ ದಾಖಲೆ. ಇನ್ನು ಕೆಲವರು ಅದೇ ಆಟದ ಹೆಸರನ್ನು ಮೂರನೇ ಸಲ ಬರೆದು, ಈ ಸಲ ಕುದುರೆಯಿಂದ ಇಳಿಯದೆ ಇಡೀ ಊರು ಸುತ್ತಿದೆ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಾರೆ.

ಕುದುರೆಯ ಮಾತು ಬಂದದ್ದು 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರಿಂದ. ರಾಕ್‌ಸ್ಟಾರ್ ಕಂಪನಿಯ ಈ ಆಟ ತಯಾರಾಗುವಲ್ಲಿ ಅದರ ಬೆಂಗಳೂರು ಸ್ಟುಡಿಯೋದ ಕೈಯೂ ಇತ್ತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಕೂಡ 2019ರಲ್ಲಿ ಇದೇ ರಾಕ್‌ಸ್ಟಾರ್ ತೆಕ್ಕೆಗೆ ಸೇರಿತು. ಆಟದ ನಾಯಕ ಆರ್ಥರ್ ಮಾರ್ಗನ್ ದರೋಡೆಕೋರ. ಕ್ಷಯ ಅಂಟಿ ಅವನು ಸಾಯುವುದು ಖಚಿತ. ಆಟಗಾರನು ನಡೆದುಕೊಂಡ ರೀತಿಗೆ ತಕ್ಕಂತೆ ಸಾವಿನ ಬಗೆ ಮಾತ್ರ ಬದಲಾಗುತ್ತದೆ. ಮಾಡಿದ ಒಳಿತು ಕೆಡುಕನ್ನು ಆಟ ಒಂದು ಪಟ್ಟಿಯ ಮೇಲೆ ತೂಗುತ್ತಲೇ ಇರುತ್ತದೆ, ಚಿತ್ರಗುಪ್ತನ ಕಡತ ಪರದೆಯ ಮೇಲೆಯೇ ಆಗಾಗ ತೆರೆದುಕೊಳ್ಳುತ್ತದೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂದು ತಿಳಿದೇ ಜನ ಬಯಲಾಟಕ್ಕೆ ಚಾಪೆ ಹಾಸುತ್ತಾರೆ. ಇವತ್ತಿನ ವೇಷಧಾರಿ ಹೇಗೆ ಸಾಯುತ್ತಾನೆ ಎಂಬುದೇ ಅವರಿಗೆ ಮುಖ್ಯ. ಆರ್ಥರನ ಬಳಿಗೆ ಮರಳುವವರದೂ ಇದೇ ರಸಿಕತೆ.

ಮರಳುವುದೆಲ್ಲ ಲೀಲೆಯಲ್ಲ ಎನ್ನುವುದಕ್ಕೆ ಧರ್ಮರಾಯನೇ ಸಾಕ್ಷಿ. ಒಮ್ಮೆ ಪಗಡೆಯಲ್ಲಿ ಎಲ್ಲವನ್ನೂ ಕಳೆದುಕೊಂಡು, ಧೃತರಾಷ್ಟ್ರ ಹಿಂದಿರುಗಿಸಿದ ಮೇಲೂ ಕರೆದ ಕೂಡಲೇ ಮತ್ತೆ ಹೋಗಿ ಕೂತ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಪಣವಿಟ್ಟ ಆಟ ಮರಳಿ ಕರೆಯುವ ರೀತಿಯೇ ಬೇರೆ. ಕರ್ನಾಟಕ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ತಂದಿತು. ಕಾನೂನು ಕಣ್ಣಿಟ್ಟಿರುವುದು ಪಣದ ಮೇಲೆ. ಒಬ್ಬನೇ ಕೂತು ಹಳೆಯ ಆಟಕ್ಕೆ ಮರಳುವವನ ಬಗ್ಗೆ ಅದಕ್ಕೆ ತಕರಾರಿಲ್ಲ.

ತಕರಾರು ಇರುವುದು ಆಟದೊಳಗಿನವರಿಗೆ. ಟೋಬಿ ಫಾಕ್ಸ್ 2015ರಲ್ಲಿ ತಂದ ‘ಅಂಡರ್‌ಟೇಲ್’ನಲ್ಲಿ ಎದುರಾದವರನ್ನೆಲ್ಲ ಕೊಲ್ಲಬಹುದು, ಯಾರನ್ನೂ ಕೊಲ್ಲದೆಯೂ ಮುಗಿಸಬಹುದು. ಎಲ್ಲರನ್ನೂ ಕೊಂದು ಕೊನೆ ಮುಟ್ಟಿದವನು ಮತ್ತೆ ಮೊದಲಿನಿಂದ ಶುರುಮಾಡಿ ಸಾಧುವಾಗಿ ಆಡಿದರೂ ಕೊನೆಯ ದೃಶ್ಯದಲ್ಲಿ ಹಳೆಯ ಪಾಪದ ಕಲೆ ಕಾಣಿಸಿಕೊಳ್ಳುತ್ತದೆ. ರೀಸೆಟ್ ಒತ್ತಿದರೆ ಅಳಿಯದ ವಾಸನೆ ಅದು. ಇನ್ನೂ ತೀಕ್ಷ್ಣವಾದದ್ದು ಒಳ್ಳೆಯ ಕೊನೆಯ ನಂತರದ ಮಾತು. ಎಲ್ಲರೂ ಸುಖವಾಗಿದ್ದಾರೆ, ಆಟಗಾರ ಮತ್ತೆ ಆಟ ತೆರೆಯುತ್ತಾನೆ. ಹೂವಿನ ರೂಪದ ಪಾತ್ರವೊಂದು ಎದುರು ಬಂದು, ಇವರ ಸುಖವನ್ನೆಲ್ಲ ಅಳಿಸಬಲ್ಲವನು ಈಗ ನೀನೊಬ್ಬನೇ, ಇವರನ್ನು ಇವರ ಪಾಡಿಗೆ ಬಿಟ್ಟುಬಿಡು ಎಂದು ಬೇಡಿಕೊಳ್ಳುತ್ತದೆ.

ಬ್ರಹ್ಮಸೂತ್ರದಲ್ಲೂ ಲೀಲೆಯ ಸೂತ್ರದ ಬೆನ್ನಿಗೇ ಬರುವುದು ಈ ಆಕ್ಷೇಪ. ದೇವರಿಗೆ ಆಟ ಸರಿ. ನೋಯುವ ಜೀವಿಗಳ ಗತಿ? ಹಾಗಿದ್ದರೆ ಅವನು ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ? ವೇದಾಂತಿಗಳು ಅವರವರ ಕರ್ಮಕ್ಕೆ ತಕ್ಕ ಫಲ ಎಂದು ದೇವರನ್ನು ಪಾರುಮಾಡಿದರು. ಮೂರನೇ ಸಲ ಆಟ ತೆರೆದವನಿಗೆ ಆ ನೆಪವೂ ಇಲ್ಲ. ಅಂಡರ್‌ಟೇಲಿನ ಪಾತ್ರಗಳಿಗೆ ಹಿಂದಿನ ಜನ್ಮದ ಸಾಲವಿಲ್ಲ, ಅವರ ಮೇಲಿರುವುದು ಆಟಗಾರನ ಕೈ ಮಾತ್ರ. ಆ ಬೇಡಿಕೆ ಓದಿ ಆಟವನ್ನು ಮುಚ್ಚಿ, ಮತ್ತೆ ತೆರೆಯದೆ ಬಿಟ್ಟವರೂ ಉಂಟು. ರೀಸೆಟ್ ಒತ್ತಿದವರೂ ಉಂಟು.